ಊರಬಾಗಿಲು ಸ್ಟಾಪಿನಲ್ಲಿ

ಕಿಶಿನೌ, ೨೨ ಸೆಪ್ಟೆಂಬರ್ ೨೦೦೨

ಅಮ್ಮಾ,

ಅನಾತೋಲ್ ಅಂಕಲ್ ವ್ಯಾನು ನಾಳೆ ಇಟಲಿಗೆ ಹೊರಡುತ್ತಂತೆ. ಅಜ್ಜಿ ನಿನಗೆ ಚೀಸು, ಆಕ್ರೋಟು ಎಲ್ಲ ಕಟ್ಟಿ ಮುಗಿಸಿ ‘ನಿಂದೊಂದು ಕಾಗದ ಇನ್ನೂ ಆಗಲಿಲ್ಲವೇನೇ?’ ಅಂತ ತಲೆ ಮೇಲೆ ನಿಂತಿದ್ದಾಳೆ. ಫೋನಿನಲ್ಲಿ ನಮ್ಮಿಬ್ಬರದೂ ‘ಊಟ ಆಯ್ತಾ, ಚಳಿ ಇದೆಯಾ’ ಅನ್ನೋದರಲ್ಲೇ ಕಾರ್ಡು ಮುಗಿದುಹೋಗುತ್ತೆ. ಅದಕ್ಕೇ ಇದು.

ಯೂನಿವರ್ಸಿಟಿ ಶುರುವಾಗಿದೆ. ನನಗೆ ವಿಪರೀತ ಟೆನ್ಷನ್. ಇಷ್ಟು ವರ್ಷ ಹಾಸ್ಟೆಲ್ ಶಾಲೆಯಲ್ಲಿ ಬೆಲ್ ಹೊಡೆದರೆ ಏಳೋದು, ಬೆಲ್ ಹೊಡೆದರೆ ತಿನ್ನೋದು, ಬೆಲ್ ಹೊಡೆದರೆ ಅಳೋದನ್ನೂ ನಿಲ್ಲಿಸೋದು. ಇಲ್ಲಿ ಬೆಲ್ಲೇ ಇಲ್ಲ. ಕ್ಯಾಂಟೀನಿನಲ್ಲಿ ಎಲ್ಲರೂ ಎದ್ದ ಮೇಲೆ ನಾನೂ ಎದ್ದುಬಿಡುತ್ತೇನೆ, ತಟ್ಟೆಯಲ್ಲಿ ಅರ್ಧ ಹಾಗೇ ಇರುತ್ತೆ.

ಮೊದಲ ದಿನ ಬೇಗ ಮನೆಗೆ ಹೋಗೋಣ ಅಂತ ರುಟಿಯೇರಾ ವ್ಯಾನು ಹತ್ತಿದೆ. ಅದು ತಾನಾಗೇ ನಿಲ್ಲಲ್ಲ, ಇಳಿಯುವವರು ಡ್ರೈವರ್‌ಗೆ ಕೂಗಿ ಹೇಳಬೇಕು ಅಂತ ನನಗೇನು ಗೊತ್ತು? ಊರಬಾಗಿಲ ಜೋಡಿ ಕಟ್ಟಡ ದಾಟಿ ನಮ್ಮ ಸ್ಟಾಪ್ ಬಂತು, ಬಾಯಿ ತೆರೆದೆ, ದನಿ ಬರಲಿಲ್ಲ. ನೋಡನೋಡುತ್ತಾ ಅದೂ ಕಿಟಕಿಯಲ್ಲಿ ಹಿಂದೆ ಹೋಯಿತು. ಡಾಚಿಯಾ ಬುಲೆವಾರ್ಡ್ ಮುಗಿದು ಏರ್‌ಪೋರ್ಟ್ ಬಂತು. ಡ್ರೈವರ್ ತಿರುಗಿ, ‘ಏನು ಹುಡುಗಿ, ಯಾವ ದೇಶಕ್ಕೆ ಪ್ರಯಾಣ?’ ಅಂದ. ಎಲ್ಲರೂ ನಕ್ಕರು.

ಮನೆಗೆ ಬಂದು ಹೇಳಿದರೆ ಅಜ್ಜಿಯದೂ ನಗುವೇ. ‘ನಿಮ್ಮಮ್ಮ ಈ ರೋಡಿನಲ್ಲಿ ಟ್ರಾಲಿಬಸ್ಸು ಓಡಿಸ್ತಿದ್ದಳು. ನೀನು ಅದೇ ರೋಡಿನಲ್ಲಿ ಇಳಿಯೋಕೆ ನಾಚಿಕೋತೀಯ. ಹಾಸ್ಟೆಲ್‌ನವರು ನಿನ್ನ ನಾಲಿಗೆ ಇಟ್ಟುಕೊಂಡು ಬಾಕಿ ಸಾಮಾನು ಮಾತ್ರ ಕಳಿಸಿದ್ದಾರೆ.’

ಈಗ ಟ್ರಾಲಿಬಸ್ಸಿನಲ್ಲೇ ಓಡಾಡುತ್ತೇನೆ. ಪಾಪ ಅದು, ಕೇಳಿದರೂ ಕೇಳದಿದ್ದರೂ ಎಲ್ಲ ಕಡೆ ನಿಲ್ಲುತ್ತೆ. ನಿನ್ನ ಫ್ರೆಂಡ್ ವಾರ್ಯಾ ಆಂಟಿ ಇನ್ನೂ ಇದೇ ಲೈನಿನಲ್ಲಿ ಕಂಡಕ್ಟರ್. ನನ್ನನ್ನು ಕಂಡರೆ ಸಾಕು, ಇಡೀ ಬಸ್ಸಿಗೆ ಕೇಳುವ ಹಾಗೆ ‘ನಮ್ಮ ರಾಯಿಸಾ ಮಗಳು!’ ಅನ್ನುತ್ತಾಳೆ. ನನಗೆ ಸೀಟಿನಡಿ ಹೋಗಿ ಕೂರೋಣ ಅನ್ನಿಸುತ್ತೆ.

ಅಮ್ಮಾ, ಈ ಈಸ್ಟರ್‌ಗಾದರೂ ಬರುತ್ತೀಯಾ? ನೀನು ಹೋದಾಗ ನನಗೆ ಒಂಬತ್ತು. ಈಗ ಹದಿನೆಂಟು. ಇಷ್ಟೇ ಕೇಳಿದ್ದು, ಬೇಜಾರು ಮಾಡಿಕೊಳ್ಳಬೇಡ.

ಅಜ್ಜಿ ಕರೀತಿದ್ದಾಳೆ, ಮುಗಿಸುತ್ತೇನೆ.
ಸಾಂದಾ

*

ಪಾದೊವಾ, ೧೩ ಅಕ್ಟೋಬರ್ ೨೦೦೨

ನನ್ನ ಕೂಸೇ,

ನೀನು ಏರ್‌ಪೋರ್ಟ್‌ಗೆ ಹೋದ ಕಥೆ ಓದಿ ಎಷ್ಟು ನಕ್ಕೆ ಅಂದರೆ, ನಾನು ನೋಡಿಕೊಳ್ಳುವ ಮುದುಕಮ್ಮ ಹೆದರಿ ಮಗನನ್ನು ಕೂಗಿಬಿಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಅದನ್ನು ಅಜ್ಜಿಗೆ ಹೇಳಬೇಡ.

ರೈಲ್ವೆ ಸ್ಟೇಷನ್ನಿನಿಂದ ಏರು ಹತ್ತಿ ಬರುವಾಗ ಎಡಗಡೆ ಕಿಟಕಿಗೆ ಕೂತುಕೋ, ಗುಲಾಬಿ ಕಣಿವೆಯ ಕೆರೆಗಳು ಕಾಣುತ್ತವೆ. ನೀನು ಹೊಟ್ಟೆಯಲ್ಲಿದ್ದಾಗ ಏಳು ತಿಂಗಳ ತನಕ ನಾನು ಆ ಏರಿನಲ್ಲಿ ಬಸ್ಸು ಓಡಿಸಿದ್ದೇನೆ. ಊರಬಾಗಿಲ ಹತ್ತಿರದ ತಿರುವಿನಲ್ಲಿ ಬಸ್ಸಿನ ತಲೆ ಮೇಲಿನ ಕೊಂಬು ಕರೆಂಟಿನ ತಂತಿಯಿಂದ ಜಾರುತ್ತಿತ್ತು. ಕೈಗವಸು ಹಾಕಿಕೊಂಡು, ಆ ಹೊಟ್ಟೆ ಹೊತ್ತು ಇಳಿದು, ಹಗ್ಗ ಎಳೆದು ಮತ್ತೆ ಕೂರಿಸುತ್ತಿದ್ದೆ. ಒಳಗಿನವರು ‘ಬೇಗ ಬೇಗ’ ಅಂತ ಕಿಟಕಿ ಬಡಿಯೋರು. ಆಚೆ ಮಂಜಿನೊಳಗೆ ಆ ಎರಡು ಬಿಳಿ ಕಟ್ಟಡ ಮೆಟ್ಟಿಲು ಮೆಟ್ಟಿಲಾಗಿ ಮೇಲೆದ್ದು ನಿಂತಿರುತ್ತಿದ್ದವು. ಆರು ತಿಂಗಳು ಸಂಬಳ ಕೊಡದೇ ಹೋದಾಗಲೂ ನನಗೆ ಆ ಬಸ್ಸಿನ ಮೇಲೆ ಸಿಟ್ಟು ಬರಲಿಲ್ಲ ನೋಡು.

ಈಗ ಮುಖ್ಯ ವಿಷಯ. ಇಲ್ಲಿ ನಮ್ಮಂಥ ಕದ್ದು ಬಂದವರಿಗೆ ಪರ್ಮಿಟ್ ಕೊಡುತ್ತಾರಂತೆ. ಮುದುಕಮ್ಮನ ಮಗ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದ್ದಾನೆ. ಅದು ಕೈಗೆ ಬರುವ ತನಕ ನಾನು ಗಡಿ ದಾಟಿದರೆ ಮುಗಿಯಿತು, ಒಂಬತ್ತು ವರ್ಷ ನೀರಿನಲ್ಲಿ ಹೋಯಿತು. ಬಂದ ಮೇಲೆ ಹಾಗಲ್ಲ. ಬೇಕಾದಾಗ ಬರುತ್ತೇನೆ, ಬೇಕಾದಾಗ ಹೋಗುತ್ತೇನೆ, ನಿನ್ನನ್ನೂ ಬೇಸಿಗೆಗೆ ಕರೆಸಿಕೊಳ್ಳುತ್ತೇನೆ. ಈಸ್ಟರ್ ಅಂತ ಮಾತು ಕೊಡಲಾರೆ ಮಗಳೇ. ಕೊಟ್ಟು ಮುರಿದದ್ದು ಸಾಕಾಗಿದೆ.

ಅಜ್ಜಿಯ ಕೆಮ್ಮು ಹೇಗಿದೆ? ನೀನು ಬರೆದಿಲ್ಲ.

ದಿನಾ ರಾತ್ರಿ ನಿನ್ನ ಹೆಸರು ಹೇಳಿಯೇ ದೀಪ ಆರಿಸುವ,
ಅಮ್ಮ

*

ಕಿಶಿನೌ, ೧ ಡಿಸೆಂಬರ್ ೨೦೦೨

ಅಮ್ಮಾ,

ಕೆಮ್ಮು ಇದೆ. ಡಾಕ್ಟರ್ ಹತ್ತಿರ ಹೋಗೋಣ ಅಂದರೆ, ‘ಅವನಿಗೆ ನನ್ನ ಮೊಮ್ಮಗನ ವಯಸ್ಸು, ಅವನ ಮುಂದೆ ಕುಪ್ಪಸ ಬಿಚ್ಚಲೇನೇ?’ ಅಂತಾಳೆ. ಹಿಮ ಬಿದ್ದರೂ ಬೊಟಾನಿಕಲ್ ಗಾರ್ಡನ್ ಗೇಟಿನ ಹತ್ತಿರ ಕೂತು ಒಣಹೂವು ಮಾರೋದು ಬಿಟ್ಟಿಲ್ಲ. ನಾನು ಕ್ಲಾಸು ಮುಗಿಸಿ ಅಲ್ಲೇ ಇಳಿದು ಅವಳ ಚೀಲ ಹೊತ್ತುಕೊಂಡು ಬರುತ್ತೇನೆ.

ಮೊನ್ನೆ ಬರುವಾಗ ಕೇಳಿದೆ, ‘ಅಜ್ಜೀ, ಅಮ್ಮ ಎದುರಿಗೆ ಬಂದರೆ ನನಗೆ ಗುರುತು ಸಿಗುತ್ತಾ?’

‘ಹೆತ್ತವಳ ಗುರುತು ಸಿಗದೇ ಇರುತ್ತಾ? ಅದೇನು ಬಸ್ಸಿನ ನಂಬರೇ, ಮರೆಯೋಕೆ!’

ನೀನು ಕಳಿಸಿದ ಫೋಟೋಗಳಲ್ಲೆಲ್ಲ ಕಪ್ಪು ಕನ್ನಡಕ. ಹಿಂದೆ ಯಾವುದೋ ಚರ್ಚು, ಯಾವುದೋ ಕಾರಂಜಿ. ಕನ್ನಡಕ ತೆಗೆದು ಒಂದು ಫೋಟೋ ಕಳಿಸು.

ಒಂದು ಎಕ್ಸಾಮ್ ಪಾಸಾದೆ. ಹೆದರಿಕೆಯಲ್ಲಿ ನನ್ನ ಹೆಸರನ್ನೇ ತಪ್ಪು ಬರೆದಿದ್ದೆ. ಪ್ರೊಫೆಸರ್ ಒಳ್ಳೆಯವರು, ನಕ್ಕು ಬಿಟ್ಟರು.

ನಿನ್ನ ಹೆದರುಪುಕ್ಕಲಿ,
ಸಾಂದಾ

*

ಪಾದೊವಾ, ೨೯ ಡಿಸೆಂಬರ್ ೨೦೦೨

ಮಗಳೇ,

ಅನಾತೋಲ್ ಕೈಯಲ್ಲಿ ಅಜ್ಜಿಗೆ ಉಣ್ಣೆ ಚಪ್ಪಲಿ ಕಳಿಸಿದ್ದೇನೆ, ಒಳಗೆಲ್ಲ ಕುರಿತುಪ್ಪಳ. ‘ಇದು ಹಬ್ಬಕ್ಕೆ’ ಅಂತ ಪೆಟ್ಟಿಗೆಯೊಳಗೆ ಇಡೋಕೆ ಬಿಡಬೇಡ. ನೀನೇ ಬಗ್ಗಿ ಅವಳ ಕಾಲಿಗೆ ಹಾಕು. ಆ ಕೆಲಸ ನಾನಿಲ್ಲಿ ದಿನಾ ಬೇರೆಯವರ ಅಮ್ಮನಿಗೆ ಮಾಡುತ್ತೇನೆ.

ಫೋಟೋ ಇಲ್ಲ. ಕನ್ನಡಕ ತೆಗೆದರೆ ಕಣ್ಣಿನ ಸುತ್ತ ಚೆನ್ನಾಗಿಲ್ಲ. ಎದುರಿಗೇ ನೋಡುವೆಯಂತೆ.

ಅಜ್ಜಿಗೆ ಹೇಳು, ನಾನು ಬಂದು ಅವಳನ್ನು ಸ್ಟೇಷನ್ನಿನಿಂದ ಏರ್‌ಪೋರ್ಟ್ ತನಕ ಟ್ರಾಲಿಬಸ್ಸಿನಲ್ಲೋ ವ್ಯಾನಿನಲ್ಲೋ ಸುಮ್ಮನೆ ಸುತ್ತಿಸುತ್ತೇನೆ, ರಾಣಿ ಹಾಗೆ. ಅಲ್ಲಿ ತನಕ ಅವಳು ಗಟ್ಟಿಯಾಗಿರಬೇಕು.

ಅಮ್ಮ

*

ಕಿಶಿನೌ, ೧೯ ಜನವರಿ ೨೦೦೩
(ಕಳಿಸದ್ದು)

ಅಮ್ಮಾ,

ಇದನ್ನು ನಾನು ಕಳಿಸಲ್ಲ. ಆದರೂ ಎಲ್ಲಾದರೂ ಹೇಳದೇ ಇದ್ದರೆ ತಲೆ ಕೆಟ್ಟುಹೋಗುತ್ತೆ.

ಅಜ್ಜಿ ಹೋದಳು. ಕೆಮ್ಮು ಎದೆಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು ಒಂದೇ ಮಾತು: ‘ರಾಯಿಸಾಗೆ ಹೇಳಬೇಡ. ಪರ್ಮಿಟ್ ಕೈಗೆ ಬರಲಿ, ಆಮೇಲೆ ಹೇಳು. ಈಗ ಹೇಳಿದರೆ ಎಲ್ಲ ಬಿಸಾಕಿ ಓಡಿಬರುತ್ತಾಳೆ. ಸತ್ತವಳನ್ನು ನೋಡೋಕೆ ಬಂದು ಬದುಕು ಕಳಕೊಳ್ಳೋದು ಬೇಡ.’ ನಾನು ಅಳುತ್ತಾ ಹೂಂ ಅಂದೆ. ‘ಅತ್ತುಕೊಂಡು ಅಂದಿದ್ದು ಲೆಕ್ಕಕ್ಕಿಲ್ಲ, ಸರಿಯಾಗಿ ಹೇಳು’ ಅಂದಳು. ಸರಿಯಾಗಿ ಹೇಳಿದೆ.

ಮನೆಯಲ್ಲೇ ಮಲಗಿಸಿ ಕನ್ನಡಿಗೆಲ್ಲ ಬಟ್ಟೆ ಹೊದಿಸಿದೆವು. ಎಲ್ಲ ಮಾಡಿದ್ದು ವಾರ್ಯಾ ಆಂಟಿ. ಅಕ್ಕಪಕ್ಕದ ಹೆಂಗಸರು ಬಂದು ನಿಂತು, ‘ಹಾಡಿ ಅಳೋದಕ್ಕೆ ಮಗಳೆಲ್ಲಿ?’ ಅಂತ ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಅಮ್ಮಾ, ನನಗೆ ಹಾಡಿ ಅಳೋಕೆ ಬರಲ್ಲ. ಹಾಸ್ಟೆಲಿನಲ್ಲಿ ದಿಂಬಿಗೆ ಬಾಯಿ ಒತ್ತಿ ಅಳೋದು ಮಾತ್ರ ಕಲಿಸಿದ್ದು. ಕೊನೆಗೆ ಮೂರನೇ ಮಹಡಿಯ ಗೊತ್ತಿಲ್ಲದ ಅಜ್ಜಿಯೊಬ್ಬಳು ನಿನ್ನ ಬದಲು ಅತ್ತಳು. ‘ಅಮ್ಮಾ, ನನ್ನನ್ನು ಯಾರ ಬಾಗಿಲಿಗೆ ಬಿಟ್ಟು ಹೋದೆ’ ಅಂತ.

ಮಣ್ಣು ಮಾಡಿದ ಮಾರನೇ ದಿನ ಉಣ್ಣೆ ಚಪ್ಪಲಿ ಬಂತು.

*

ಕಿಶಿನೌ, ೨೬ ಜನವರಿ ೨೦೦೩

ಅಮ್ಮಾ,

ಚಪ್ಪಲಿ ಸಿಕ್ಕಿತು. ಅಳತೆ ಸರಿಯಾಗಿದೆ.

ಅಜ್ಜಿಯ ಕೆಮ್ಮು ನಿಂತಿದೆ. ಕಿವಿ ಮಾತ್ರ ತುಂಬಾ ಮಂದ, ಫೋನು ಕೊಟ್ಟರೆ ‘ಇದರೊಳಗೆ ಬರೀ ಗಾಳಿ’ ಅಂತ ವಾಪಸು ಕೊಡುತ್ತಾಳೆ. ನೀನು ಭಾನುವಾರ ಫೋನು ಮಾಡಿದಾಗ ಸಿಗದಿದ್ದರೆ ಚಿಂತೆ ಮಾಡಬೇಡ.

ಪರ್ಮಿಟ್ ಯಾವಾಗ ಬರುತ್ತೆ? ಬಂದ ದಿನವೇ ತಿಳಿಸು. ಬಂದ ದಿನವೇ, ಅಮ್ಮಾ.

ಇಲ್ಲಿ ಎಲ್ಲ ಹಾಗೇ ಇದೆ.
ಸಾಂದಾ

*

ಪಾದೊವಾ, ೨ ಮಾರ್ಚ್ ೨೦೦೩

ಕೂಸೇ,

ಪರ್ಮಿಟ್ ಬೇಸಿಗೆಯ ಹೊತ್ತಿಗೆ ಅಂದಿದ್ದಾರೆ. ಕಾಯೋದು ನಮಗೇನು ಹೊಸತೇ.

ಒಂದು ಮಾತು. ಎರಡು ಕಾಗದವಾಯಿತು, ಅಜ್ಜಿ ನನ್ನನ್ನು ಬೈದಿಲ್ಲ. ಅವಳ ಬೈಗುಳ ಇಲ್ಲದ ಕಾಗದ ಉಪ್ಪಿಲ್ಲದ ಗಂಜಿ ಹಾಗಿರುತ್ತೆ. ಈ ಸಲ ನೀವು ಕಳಿಸಿದ ಕಟ್ಟು ಬಿಚ್ಚಿ ನೋಡಿದೆ, ಆಕ್ರೋಟನ್ನು ಚಿಂದಿಬಟ್ಟೆಯಲ್ಲಿ ಸುತ್ತಿಲ್ಲ, ಪೇಪರಿನಲ್ಲಿ ಸುತ್ತಿದೆ. ನೀನು ಸುತ್ತಿದ್ದಾ? ನನ್ನ ಮೇಲೆ ಮುನಿಸೇನಾದರೂ ಇದೆಯಾ ಅವಳಿಗೆ? ಚಪ್ಪಲಿ ಬದಲು ನಾನೇ ಬರಬೇಕಿತ್ತು ಅಂತಲಾ? ಹೇಳು ಅವಳಿಗೆ, ಬೈಯಲಿ. ಜೋರಾಗಿ ಬೈಯಲಿ.

ಅಮ್ಮ

*

ಕಿಶಿನೌ, ೩೦ ಮಾರ್ಚ್ ೨೦೦೩

ಅಮ್ಮಾ,

ಅಜ್ಜಿ ಬೈದಳು. ಇಗೋ ಬರೆದುಕೊಂಡಿದ್ದೇನೆ. ‘ಆ ರಾಯಿಸಾಗೆ ಹೇಳು, ಕಾಗದದಲ್ಲಿ ಬೈಸಿಕೊಳ್ಳೋಕೆ ನಾನೇನು ಪೋಸ್ಟ್ ಆಫೀಸೇ? ಬಂದು ಎದುರು ನಿಂತು ಬೈಸಿಕೊಳ್ಳಲಿ. ಅಲ್ಲಿಯ ಮುದುಕಿಗೆ ಚಮಚದಲ್ಲಿ ಸೂಪ್ ಕುಡಿಸ್ತಾಳಂತೆ, ಇಲ್ಲಿಯ ಮುದುಕಿ ಒಲೆ ಮುಂದೆ ತಾನೇ ನಿಲ್ಲಬೇಕಂತೆ.’

ಸರಿಯಾಯಿತಾ? ಸಾಕಾ?

ಆಕ್ರೋಟು ನಾನೇ ಸುತ್ತಿದ್ದು. ಮುಂದಿನ ಸಲ ಬಟ್ಟೆಯಲ್ಲಿ ಸುತ್ತುತ್ತೇನೆ.
ಸಾಂದಾ

*

ಕಿಶಿನೌ, ೫ ಮೇ ೨೦೦೩

ಅಮ್ಮಾ,

ಇವತ್ತು ಸತ್ತವರ ಈಸ್ಟರ್. ಊರೆಲ್ಲ ಸ್ಮಶಾನದ ಸ್ಪೆಷಲ್ ಬಸ್ಸುಗಳಲ್ಲೇ ಇತ್ತು. ಅಜ್ಜಿಗೆ ನಡೆಯೋಕೆ ಕಷ್ಟ ಅಂತ ನಾನೊಬ್ಬಳೇ ಹೋದೆ, ತಾತನ ಸಮಾಧಿಗೆ. ಬಣ್ಣ ಹಾಕಿದ ಮೊಟ್ಟೆ, ಅನ್ನ ತುಂಬಿದ ಎಲೆಸುರುಳಿ ಎಲ್ಲ ನಾನೇ ಮಾಡಿಕೊಂಡು ಹೋಗಿದ್ದೆ. ಸುರುಳಿ ಬಿಚ್ಚಿಕೊಂಡವು.

ದಾನದ ಪಿಂಗಾಣಿ ಬಟ್ಟಲುಗಳನ್ನೂ ಒಯ್ದಿದ್ದೆ. ಒಳಗೆ ಮಿಠಾಯಿ, ಮೇಲೆ ಬಳೆರೊಟ್ಟಿ, ಮೇಣದ ಬತ್ತಿ, ಎಲ್ಲ ನೀನು ಮಾಡುತ್ತಿದ್ದ ಹಾಗೇ. ಆದರೆ ಗುರುತಿಲ್ಲದವರ ಹತ್ತಿರ ಹೋಗಿ ‘ಇಂಥವರ ಆತ್ಮಕ್ಕೆ, ತಗೊಳ್ಳಿ’ ಅನ್ನಬೇಕಲ್ಲ, ನನ್ನ ಕಥೆ ನಿನಗೆ ಗೊತ್ತು. ಎಲ್ಲ ಕೊಟ್ಟು ಒಂದು ಉಳಿದುಹೋಯಿತು. ಅದನ್ನು ಮನೆಗೆ ವಾಪಸು ತರಬಾರದಂತೆ. ಮನೆ ಕಡೆ ಬರುವ ಟ್ರಾಲಿಬಸ್ಸಿನಲ್ಲಿ ಬಟ್ಟಲು ತೊಡೆ ಮೇಲೆ ಇಟ್ಟುಕೊಂಡು ಬೆವರುತ್ತಾ ಕೂತಿದ್ದೆ. ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಹತ್ತಿದ್ದರು. ಚಕ್ರದ ಸೂಟ್‌ಕೇಸು, ಕೆಂಪು ಬಣ್ಣ ಹಾಕಿದ ಗಿಡ್ಡ ಕೂದಲು, ದೊಡ್ಡ ಕನ್ನಡಕ. ಕಿಟಕಿ ಬಿಟ್ಟು ಬಸ್ಸಿನ ಒಳಗೇ ನೋಡುತ್ತಿದ್ದರು. ಧೈರ್ಯ ಮಾಡಿ ಎದ್ದುಹೋಗಿ ಅವರಿಗೇ ಕೊಟ್ಟೆ. ಮುಖ ನೋಡಿ ಕೊಡೋಕೆ ನನಗೆ ಆಗಲ್ಲ, ಕೈ ನೋಡಿ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು. ಆದರೆ ತೆಗೆದುಕೊಂಡವರು ಸತ್ತವರಿಗಾಗಿ ‘ದೇವರು ಕ್ಷಮಿಸಲಿ’ ಅನ್ನಬೇಕಲ್ಲ, ಅನ್ನಲೇ ಇಲ್ಲ! ನಮ್ಮದಕ್ಕಿಂತ ಒಂದು ಮೊದಲು, ಊರಬಾಗಿಲು ಸ್ಟಾಪ್ ಬಂದಿದ್ದೇ ಸೂಟ್‌ಕೇಸು ಎಳೆದುಕೊಂಡು ಇಳಿದೇ ಹೋದರು. ಎಂಥ ಜನ ಅಮ್ಮಾ! ಪಾಪ, ಮೂಗಿಯೋ ಏನೋ.

ತಾತನಿಗೆ ಆ ಬಟ್ಟಲು ಸಿಕ್ಕಿತೋ ಇಲ್ಲವೋ ಅಂತ ಈಗ ತಲೆಗೆ ಹುಳ ಹೊಕ್ಕಿದೆ.

ಶನಿವಾರದ ವ್ಯಾನಿಗೆ ಇದನ್ನು ಕೊಡುತ್ತೇನೆ. ಅಜ್ಜಿ ನಿನ್ನನ್ನು ಕೇಳಿದಳು.
ಸಾಂದಾ

*

ಕಿಶಿನೌ, ವಾರ್ಯಾ ಮನೆ, ೬ ಮೇ ೨೦೦೩

ಸಾಂದಾ,

ಮೇಲೆ ಬರೆದ ಊರಿನ ಹೆಸರು ತಪ್ಪಲ್ಲ. ನಾನು ವಾರ್ಯಾಳ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನಿಂದ ಎರಡು ಸ್ಟಾಪ್ ದೂರ. ಅವಳು ಡ್ಯೂಟಿಗೆ ಹೋಗುವಾಗ ಇದನ್ನು ನಿನ್ನ ಕೈಗೆ ಕೊಡುತ್ತಾಳೆ.

ಪರ್ಮಿಟ್ ಈಸ್ಟರ್ ಮುಗಿದ ಕೂಡಲೇ ಬಂತು. ಹೇಳದೇ ಬಂದು ನಿಮ್ಮಿಬ್ಬರನ್ನೂ ಬೆಚ್ಚಿಬೀಳಿಸೋಣ ಅಂತ ವ್ಯಾನು ಹತ್ತಿದೆ. ನಿನ್ನೆ ಸ್ಟೇಷನ್ನಿನಲ್ಲಿ ಇಳಿದು, ನಾನೇ ಓಡಿಸುತ್ತಿದ್ದ ಲೈನಿನ ಬಸ್ಸು ಹತ್ತಿದೆ. ಹತ್ತಿದ ತಕ್ಷಣ ನೀನು ಕಂಡೆ. ಯಾವ ಫೋಟೋವೂ ಬೇಕಾಗಲಿಲ್ಲ. ಒಂಬತ್ತು ವರ್ಷದವಳಿದ್ದಾಗಲೂ ಹೀಗೇ, ಮೊಣಕಾಲು ಜೋಡಿಸಿ ತೊಡೆ ಮೇಲಿನದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂರುತ್ತಿದ್ದೆ. ಕೂಗೋಣ ಅಂತ ಬಾಯಿಗೆ ಬಂತು. ತಡೆದುಕೊಂಡೆ. ಹುಚ್ಚು ಆಸೆ ನೋಡು, ಯಾವಾಗ ಗುರುತು ಹಿಡಿಯುತ್ತಾಳೋ ನೋಡೋಣ ಅಂತ ಸುಮ್ಮನೆ ಕೂತೆ. ಏರು ಹತ್ತುವ ತನಕ ನಿನ್ನನ್ನೇ ನೋಡಿದೆ.

ಆಮೇಲೆ ನೀನು ಎದ್ದೆ. ನೇರ ನನ್ನ ಕಡೆಗೇ ಬಂದೆ. ಹಿಡಿದಳು ಗುರುತು ಅಂದುಕೊಂಡೆ. ನೀನು ಕೈ ಚಾಚಿದೆ, ನಾನೂ ಎರಡೂ ಕೈ ಚಾಚಿದೆ. ನೀನು ಅದರಲ್ಲಿ ಬಟ್ಟಲು ಇಟ್ಟೆ. ‘ನಮ್ಮಜ್ಜಿ ಪ್ರೊಫೀರಾ ಆತ್ಮಕ್ಕೆ, ತಗೊಳ್ಳಿ ಆಂಟಿ’ ಅಂದೆ.

ನನ್ನ ಅಮ್ಮ ಸತ್ತ ಸುದ್ದಿ ನನಗೆ ಸಿಕ್ಕಿದ್ದು ಹಾಗೆ.

‘ದೇವರು ಕ್ಷಮಿಸಲಿ’ ಅನ್ನಬೇಕಿತ್ತು, ಗೊತ್ತು. ಹೇಳಿದರೆ ಅವಳು ನಿಜವಾಗಿ ಸತ್ತ ಹಾಗಾಗುತ್ತಿತ್ತು. ಬಸ್ಸು ನಿಂತಿತು, ಇಳಿದುಬಿಟ್ಟೆ. ಬಟ್ಟಲು ಹಿಡಿದು ಊರಬಾಗಿಲ ಸ್ಟಾಪಿನ ಬೆಂಚಿನ ಮೇಲೆ ಕೂತೆ. ದಾರಿಯಲ್ಲಿ ಹೋಗುವವರು ನನ್ನನ್ನು ದಾಟಿಕೊಂಡು ‘ದೇವರು ಕ್ಷಮಿಸಲಿ’ ಅನ್ನುತ್ತಾ ಹೋದರು. ಕೈಯಲ್ಲಿದ್ದ ಬಟ್ಟಲು ನೋಡಿ ಅಂದಿರಬೇಕು.

ಆಮೇಲೆ ವಾರ್ಯಾ ಎಲ್ಲ ಹೇಳಿದಳು. ಅಜ್ಜಿ ನಿನ್ನಿಂದ ಮಾತು ತೆಗೆದುಕೊಂಡದ್ದು, ನೀನು ಅತ್ತೂ ಅತ್ತೂ ನನಗೆ ಅವಳ ಬೈಗುಳ ಬರೆದದ್ದು. ಆ ಬೈಗುಳ ಅವಳದೇ ಅಂತ ನಂಬಿ ನಾನು ಒಂದು ವಾರ ಹಾಯಾಗಿ ನಿದ್ದೆ ಮಾಡಿದ್ದೆ. ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳೋಕೆ ನಾನು ಯಾರು?

ಮನೆ ಕೆಳಗಿನ ತನಕ ಬಂದಿದ್ದೆ, ಸಂಜೆ. ದೀಪ ಉರಿಯುತ್ತಿತ್ತು. ಬಾಗಿಲು ತಟ್ಟಿದರೆ ನೀನು ತೆರೆದು ‘ಯಾರು ಬೇಕಿತ್ತು?’ ಅಂತ ಕೇಳಿದರೆ ಅಂತ ಹೆದರಿಕೆಯಾಯಿತು. ವಾಪಸು ಬಂದೆ.

ಅನಾತೋಲ್ ವ್ಯಾನು ಶನಿವಾರ ಹೊರಡುತ್ತೆ. ಮುದುಕಮ್ಮನನ್ನು ಮಗ ನೋಡಿಕೊಳ್ಳುತ್ತಿದ್ದಾನೆ, ಅವನಿಗೂ ಕಷ್ಟ. ನಾನು ಮನೆಗೆ ಬರಲಾ? ವಾರ್ಯಾ ಹತ್ತಿರ ಹೇಳಿ ಕಳಿಸು. ಬೇಡ ಅಂದರೂ ನನಗೆ ಅರ್ಥವಾಗುತ್ತೆ.

ರಾಯಿಸಾ
(ಅಮ್ಮ ಅಂತ ಬರೆದು ಹೊಡೆದುಹಾಕಿದೆ, ನಿನ್ನನ್ನು ಕೇಳಿ ಬರೆಯೋಣ ಅಂತ.)

*

ಕಿಶಿನೌ, ೭ ಮೇ ೨೦೦೩

ನಿನಗೆ,

ವಾರ್ಯಾ ಆಂಟಿ ಕಾಗದವನ್ನು ಬಸ್ಸಿನಲ್ಲೇ ಕೊಟ್ಟಳು. ಮೊದಲ ಸಲ ‘ರಾಯಿಸಾ ಮಗಳು’ ಅಂತ ಕೂಗಲಿಲ್ಲ. ನಾನು ಓದಿ ಮುಗಿಸುವಷ್ಟರಲ್ಲಿ ಬಸ್ಸು ಕೊನೇ ಸ್ಟಾಪಿಗೆ ಹೋಗಿ ನಿಂತಿತ್ತು. ಇಳಿಯಿರಿ ಅಂತ ಯಾರೂ ಹೇಳಲಿಲ್ಲ.

ನನಗೆ ಸಿಟ್ಟಿದೆ. ನಿನಗೆ ಇಲ್ಲದಿದ್ದರೇನು, ನನಗಿದೆ. ನಿನಗೆ ನನ್ನ ಗುರುತು ಸಿಕ್ಕಿತ್ತು. ಗುರುತು ಹಿಡಿದವಳು ನೀನು. ಆದರೂ ಇಳಿದುಹೋದೆ. ಶನಿವಾರದ ವ್ಯಾನಿಗೆ ಅಂತ ಬರೆದಿಟ್ಟ ಕಾಗದದಲ್ಲಿ ನಾನು ನಿನ್ನನ್ನು ಮೂಗಿ ಅಂದೆ, ಎಂಥ ಜನ ಅಂದೆ. ಇನ್ನು ಅದನ್ನು ಯಾವ ಬಾಯಿಂದ ವಾಪಸು ತೆಗೆದುಕೊಳ್ಳಲಿ?

ಈಗ ಕೂತು ನೆನಪು ಮಾಡಿಕೊಂಡರೆ ಕನ್ನಡಕ ಬರುತ್ತೆ, ಕೂದಲು ಬರುತ್ತೆ, ಸೂಟ್‌ಕೇಸಿನ ಚಕ್ರ ಬರುತ್ತೆ. ಕೈ ಬರುತ್ತೆ, ಬ್ಲೀಚು ತಿಂದು ಬಿರಿದ ಬೆರಳು. ಮುಖ ಬರಲ್ಲ. ಎಷ್ಟು ಸಲ ಪ್ರಯತ್ನಪಟ್ಟರೂ ಬರಲ್ಲ. ಹೆತ್ತವಳ ಗುರುತು ಸಿಗದೇ ಇರುತ್ತಾ ಅಂತ ಅಜ್ಜಿ ಅಂದಿದ್ದಳು. ಅವಳು ಹೋದ ಮೇಲೆ ಅವಳ ಮಾತು ಸುಳ್ಳು ಮಾಡಿದವಳು ನಾನು.

ಬರಲಾ ಅಂತ ಕೇಳಿದ್ದೀಯ. ಅದು ನಿನ್ನ ಮನೆ. ಅಜ್ಜಿಯ ಮಂಚದ ಮೇಲೆ ಹಾಸಿಗೆ ಹಾಸಿದೆ, ಆದರೆ ನಾನು ಬಾಗಿಲು ತೆರೆಯೋದಕ್ಕೆ ಹೆದರುತ್ತೇನೆ. ನೀನು ಹೇಳಿದ್ದೇ ಆಗಿಬಿಟ್ಟರೆ? ನನ್ನ ಬಾಯಿಂದ ‘ಯಾರು ಬೇಕಿತ್ತು’ ಅಂತ ಬಂದುಬಿಟ್ಟರೆ? ಅದು ಮಾತ್ರ ಮನೆಯೊಳಗೆ ಆಗಬಾರದು.

ನಾಳೆ ಕ್ಲಾಸು ಮುಗಿಸಿ ನಾನು ಊರಬಾಗಿಲು ಸ್ಟಾಪಿನಲ್ಲಿ ಇಳಿಯುತ್ತೇನೆ. ಆ ಹೊತ್ತಿಗೆ ಅಲ್ಲಿ ತುಂಬಾ ಜನ ಇರುತ್ತಾರೆ. ನಾನು ಹುಡುಕೋದಿಲ್ಲ. ಹುಡುಕಿ, ಇನ್ಯಾರದೋ ಮುಖ ನೋಡಿ ನಕ್ಕರೆ ನನ್ನಿಂದ ತಡೆಯೋಕಾಗಲ್ಲ. ನಾನು ನೆಲ ನೋಡಿಕೊಂಡು ನಿಂತಿರುತ್ತೇನೆ.

ಇನ್ನೊಂದು ಸಲ ನನ್ನನ್ನು ಪರೀಕ್ಷೆ ಮಾಡಬೇಡ. ನೀನೇ ಬಂದು ಕರೆ.

ಸಾಂದಾ